ಫೇಲ್‌ಓವರ್ ಕ್ಲಸ್ಟರ್ ಕುಸಿತ: ಕಾರಣಶೋಧದ ಇತಿಹಾಸ

ಒಂದು ಸರ್ವರ್ ಕೆಟ್ಟರೆ ಅದರ ಕೆಲಸವನ್ನು ಇನ್ನೊಂದು ವಹಿಸಿಕೊಳ್ಳುವಂತೆ ಹೆಣೆದ ಗುಂಪೇ ಫೇಲ್‌ಓವರ್ ಕ್ಲಸ್ಟರ್. ಗುಂಪಿನ ಒಂದೊಂದು ಯಂತ್ರವೂ ಒಂದು ನೋಡ್. ವರ್ಚುವಲ್ ಯಂತ್ರಗಳನ್ನು ಹೊತ್ತ ಹೋಸ್ಟ್ ಹಠಾತ್ತನೆ ರೀಬೂಟ್ ಆದಾಗ ಎಲ್ಲರ ಅನುಮಾನ ಹಾರ್ಡ್‌ವೇರಿನ ಮೇಲೆ. ಆದರೆ ಅನೇಕ ಸಲ ಆ ಹೋಸ್ಟ್ ಬೇಕೆಂದೇ ನಿಂತಿರುತ್ತದೆ.

ಈ ಸ್ವಯಂಕುಸಿತ ಹಳೆಯದು. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1983ರಲ್ಲಿ ಪ್ರಕಟಿಸಿದ ವ್ಯಾಕ್ಸ್‌ಕ್ಲಸ್ಟರ್‌ನಲ್ಲೇ ಅದಿತ್ತು. ಸಂಪರ್ಕ ಕಡಿದು ಇಬ್ಭಾಗವಾದ ಕ್ಲಸ್ಟರಿನ ಎರಡೂ ತುಂಡು ಒಂದೇ ಡಿಸ್ಕಿಗೆ ಬರೆದರೆ ದತ್ತಾಂಶ ಹಾಳು. ಹಾಗಾಗಿ ಸಹಕಾರ ಸಂಘದ ಸಭೆಗಿರುವಂತೆ ಇಲ್ಲಿಯೂ ಕೋರಂ, ಅಂದರೆ ಮತಗಳ ಬಹುಮತ, ಬೇಕು. ಗುಂಪಿನಿಂದ ಹೊರಬಿದ್ದ ನೋಡ್ ‘ಕ್ಲೂಎಕ್ಸಿಟ್’ ಎಂದು ದಾಖಲಿಸಿ ತಾನೇ ಕುಸಿಯುತ್ತಿತ್ತು.

ಮೈಕ್ರೋಸಾಫ್ಟ್ ‘ವುಲ್ಫ್‌ಪ್ಯಾಕ್’ ಎಂಬ ಗುಪ್ತನಾಮದಲ್ಲಿ ರೂಪಿಸಿದ ಕ್ಲಸ್ಟರ್ ಸೇವೆ 1997ರಲ್ಲಿ ವಿಂಡೋಸ್ ಎನ್‌ಟಿಗೆ ಬಂತು. 2008ರಲ್ಲಿ ಹೈಪರ್-ವಿ ಬಂದ ಮೇಲೆ ಒಂದು ಹೋಸ್ಟ್ ಬಿದ್ದರೆ ಹತ್ತಾರು ಸರ್ವರ್‌ಗಳು ಒಟ್ಟಿಗೆ ಬೀಳತೊಡಗಿದವು. ಆಗ ಪರಿಚಿತವಾದದ್ದು ನೀಲಿ ಪರದೆಯ 9ಇ ಸಂಕೇತ: ಕ್ಲಸ್ಟರ್ ಸೇವೆ 60 ಸೆಕೆಂಡ್ ಉಸಿರೆತ್ತದಿದ್ದರೆ ಕರ್ನಲ್‌ನಲ್ಲಿರುವ ನೆಟ್‌ಎಫ್‌ಟಿ ಡ್ರೈವರ್ ಯಂತ್ರವನ್ನೇ ಉರುಳಿಸುತ್ತದೆ. ಇಲ್ಲಿ ಡ್ರೈವರನ್ನು ದೂರಿ ಫಲವಿಲ್ಲ. ಮೆಮೊರಿ ಡಂಪ್ ತೆರೆದು, ಸೇವೆಯನ್ನು ಕಟ್ಟಿಹಾಕಿದ್ದು ನಿಧಾನಿಸಿದ ಸ್ಟೋರೇಜೋ, ಮೆಮೊರಿ ಕೊರತೆಯೋ, ಆ್ಯಂಟಿವೈರಸ್ ಫಿಲ್ಟರೋ ಎಂದು ಹುಡುಕಬೇಕು. ಲಾಗ್‌ನಲ್ಲಿ ಘಟನೆ ಸಂಖ್ಯೆ 1135 ಕಂಡರೆ ನೋಡ್ ಗುಂಪಿನಿಂದ ಹೊರಬಿದ್ದಿದೆ, 1177 ಕಂಡರೆ ಕೋರಂ ಮುರಿದಿದೆ, 5120 ಕಂಡರೆ ಹಂಚಿಕೆಯ ಡಿಸ್ಕ್ ಕೈಕೊಟ್ಟಿದೆ. ಇವುಗಳಲ್ಲಿ ಯಾವುದು ಮೊದಲು ಬಂತು ಎಂಬುದೇ ಅರ್ಧ ಉತ್ತರ.

ಸೆಕೆಂಡಿಗೊಂದರಂತೆ ಹೋಗುವ ಹೃದಯಬಡಿತದ ಸಂದೇಶ ಐದು ಸಲ ತಪ್ಪಿದರೆ ಮೊದಲು ನೋಡನ್ನು ಹೊರಹಾಕಲಾಗುತ್ತಿತ್ತು. ವಿಂಡೋಸ್ ಸರ್ವರ್‌ನ 2012 ಆರ್2 ಆವೃತ್ತಿ ಹೈಪರ್-ವಿಗೆ ಇದನ್ನು ಹತ್ತಕ್ಕೆ ಏರಿಸಿತು. 2016ರ ಆವೃತ್ತಿ ಸಂಪರ್ಕ ತಪ್ಪಿದ ಹೋಸ್ಟಿಗೆ ನಾಲ್ಕು ನಿಮಿಷ ಕಾಲಾವಕಾಶ ಕೊಟ್ಟಿತು; ಗಂಟೆಯೊಳಗೆ ಮೂರು ಸಲ ಹೊರಬಿದ್ದ ನೋಡನ್ನು ಎರಡು ಗಂಟೆ ದೂರವಿಟ್ಟಿತು. ತಡವಾಗಿ ಬಂದ ವಿವೇಕ ಎನ್ನಬೇಕು.

ಹಾರೋಹಳ್ಳಿಯಂಥ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗೆ ಎರಡೇ ಹೋಸ್ಟ್‌ಗಳ ಕ್ಲಸ್ಟರ್ ಸಾಕೆನಿಸಬಹುದು. ಕರೆಂಟ್ ಹೋಗಿ ಜನರೇಟರ್ ಹತ್ತುವವರೆಗೆ ಸರ್ವರ್‌ಗಳನ್ನು ಯುಪಿಎಸ್ ಕಾಯುತ್ತದೆ. ಆದರೆ ನೆಟ್‌ವರ್ಕ್ ಸ್ವಿಚ್ ಯುಪಿಎಸ್‌ನಲ್ಲಿಲ್ಲದಿದ್ದರೆ ಹೋಸ್ಟ್‌ಗಳೆರಡೂ ಎದ್ದಿದ್ದರೂ ಒಂದಕ್ಕೊಂದು ಕಾಣುವುದಿಲ್ಲ. ಎರಡೇ ಹೋಸ್ಟ್‌ಗಳಿರುವಲ್ಲಿ ಮೂರನೆಯ ಮತ ಹಾಕುವ ಸಾಕ್ಷಿ ಬೇಕು; ಅದು ಹಂಚಿಕೊಂಡ ಒಂದು ಫೋಲ್ಡರ್ ಆಗಿರಬಹುದು. ಆ ಸಾಕ್ಷಿಯ ಫೋಲ್ಡರನ್ನು ಅದೇ ಕ್ಲಸ್ಟರಿನ ವರ್ಚುವಲ್ ಯಂತ್ರದಲ್ಲಿಟ್ಟರೆ ಕ್ಲಸ್ಟರಿನೊಂದಿಗೆ ಅದೂ ಮಲಗುತ್ತದೆ. 2016ರಲ್ಲಿ ಸಾಕ್ಷಿಯನ್ನು ಕ್ಲೌಡ್‌ನಲ್ಲಿಡುವ ಅವಕಾಶ ಬಂತು, ಆದರೆ ಅದಕ್ಕೆ ಇಂಟರ್ನೆಟ್ ಬೇಕು. 2019ರ ಆವೃತ್ತಿಯಿಂದ ರೌಟರಿಗೆ ಚುಚ್ಚಿದ ಯುಎಸ್‌ಬಿ ಡ್ರೈವ್ ಕೂಡ ಸಾಕ್ಷಿಯಾಗಬಲ್ಲದು, ರೌಟರ್ ಆ ಡ್ರೈವನ್ನು ಜಾಲದಲ್ಲಿ ಹಂಚಿಕೊಳ್ಳುವಂತಿದ್ದರೆ.