ಮಂಡ್ಯದ ಕಬ್ಬು, ಮಲೆನಾಡಿನ ಮೆಷಿನ್: ಪೆಟ್ರೋಲ್‌ಗೆ ಎಥನಾಲ್ ಸೇರಿದ ಕಥೆ

ಇ20 ಪೆಟ್ರೋಲ್ ಅಂದ ಕೂಡಲೇ ನಮ್ಮ ಆಫೀಸ್ ಗ್ರೂಪ್‌ಗಳಲ್ಲಿ ಕಾರಿನ ಮೈಲೇಜ್ ಲೆಕ್ಕ ಶುರುವಾಗುತ್ತೆ. ಪುಣೆ, ಹೈದರಾಬಾದ್, ಚೆನ್ನೈ, ಎಲ್ಲ ಕಡೆ ಅದೇ ಮಾತು. ಆದರೆ ನಮ್ಮಲ್ಲಿ ತುಂಬಾ ಜನರ ಊರಮನೆಯಲ್ಲಿ ಕಾರಿಗಿಂತ ಮುಖ್ಯವಾದ ಎಂಜಿನ್‌ಗಳಿವೆ. ಕೊಟ್ಟಿಗೆಯ ಮೂಲೆಯಲ್ಲಿರುವ ವೀಡ್ ಕಟ್ಟರ್, ಮರ ಕೊಯ್ಯುವ ಚೈನ್ ಸಾ, ಅಡಿಕೆಗೆ ಔಷಧಿ ಹೊಡೆಯುವ ಪೆಟ್ರೋಲ್ ಪಂಪ್. ಇವತ್ತಿನ ಮಾತು ಅವುಗಳ ಬಗ್ಗೆ. ಅದಕ್ಕೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು.

1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ಮಿಶ್ರಣವನ್ನು ರೈತರಿಗೆ ಹೇಳಿಕೊಟ್ಟವರು ಅವರೇ. ಮುಂದೆ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. 1933ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತಲ್ಲ, ಅದರ ಹಿಂದೆಯೂ ಕೋಲ್ಮನ್ ಅವರ ದೊಡ್ಡ ಪಾತ್ರವಿದೆ. ಅಂದರೆ ಮಲೆನಾಡಿನ ಔಷಧಿ ಸಿಂಪಡಣೆ, ಮಂಡ್ಯದ ಸಕ್ಕರೆ, ಎರಡರ ಹಿಂದೆಯೂ ಒಬ್ಬರೇ ಮನುಷ್ಯ. ಇವತ್ತು ಆ ಸಿಂಪಡಣೆಯ ಎಂಜಿನ್‌ಗೆ ಕಬ್ಬಿನ ಸ್ಪಿರಿಟ್ ಸೇರಿದ ಪೆಟ್ರೋಲ್ ಬೀಳ್ತಾ ಇದೆ. ಇಂಥ ಜೋಡಣೆಯನ್ನು ಕೋಲ್ಮನ್ ಕೂಡ ಊಹಿಸಿರಲಿಕ್ಕಿಲ್ಲ!

ಸಕ್ಕರೆ ಮಾಡಿದ ಮೇಲೆ ಉಳಿಯೋದು ಕಾಕಂಬಿ. ಅದನ್ನು ಹುಳಿಸಿ, ಭಟ್ಟಿ ಇಳಿಸಿದರೆ ಎಥನಾಲ್. ಇದನ್ನು ಗಾಡಿಗೆ ಹಾಕುವ ಯೋಚನೆ ಈ ಸರ್ಕಾರದ್ದೂ ಅಲ್ಲ, ಹಿಂದಿನ ಸರ್ಕಾರದ್ದೂ ಅಲ್ಲ. ಬ್ರೆಜಿಲ್ 1931ರಲ್ಲೇ ಪೆಟ್ರೋಲ್‌ಗೆ ಶೇ. 5ರಷ್ಟು ಸೇರಿಸುವ ನಿಯಮ ತಂದಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ನಮ್ಮಲ್ಲಿ ಇದ್ದಿಲಿನ ಗ್ಯಾಸ್‌ನಲ್ಲಿ ಬಸ್ ಓಡಿಸಿದ್ದನ್ನು ಹಿರಿಯರ ಬಾಯಲ್ಲಿ ಕೇಳಿರ್ತೀರಿ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಕೇಂದ್ರ ಸರ್ಕಾರ ‘ಇಂಡಿಯನ್ ಪವರ್ ಆಲ್ಕೋಹಾಲ್ ಆ್ಯಕ್ಟ್’ ತಂದಿತು. ಆ ಕಾನೂನು ರದ್ದಾಗಿದ್ದು 2000ದಲ್ಲಿ. ತಮಾಷೆ ನೋಡಿ, ಅದರ ಮರುವರ್ಷವೇ ಎಥನಾಲ್ ಮಿಶ್ರಣದ ಹೊಸ ಪ್ರಯೋಗ ಶುರುವಾಯಿತು. ಜಾಗಗಳು: ಮಹಾರಾಷ್ಟ್ರದ ಮೀರಜ್ ಮತ್ತು ಮನ್ಮಾಡ್, ಉತ್ತರ ಪ್ರದೇಶದ ಬರೇಲಿ ಕಡೆ. ಪುಣೆಯಿಂದ ಊರಿಗೆ ರೈಲಲ್ಲಿ ಹೋಗುವವರು ಅರ್ಧ ನಿದ್ದೆಯಲ್ಲಿ ದಾಟುವ ಅದೇ ಮೀರಜ್.

2003ರ ಜನವರಿಯಲ್ಲಿ ಕರ್ನಾಟಕವೂ ಸೇರಿ 9 ರಾಜ್ಯಗಳಲ್ಲಿ ಶೇ. 5 ಮಿಶ್ರಣ ಶುರುವಾಯಿತು. 2022ರಲ್ಲಿ ದೇಶದ ಸರಾಸರಿ ಶೇ. 10 ಮುಟ್ಟಿತು. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಇ20ಗೆ ಚಾಲನೆ ಸಿಕ್ಕಿತು. 2030ಕ್ಕೆ ಅಂತ ಇದ್ದ ಶೇ. 20ರ ಗುರಿಯನ್ನು 2025ಕ್ಕೆ ಎಳೆದು, ಮುಟ್ಟಿಯೂ ಆಯಿತು. ಕಬ್ಬು ಬೆಳೆಗಾರರಿಗೆ ದುಡ್ಡು ಬೇಗ ಸಿಗಬೇಕು, ತೈಲ ಆಮದು ಕಡಿಮೆಯಾಗಬೇಕು. ಎರಡೂ ನ್ಯಾಯವಾದ ಕಾರಣಗಳೇ, ಅದರಲ್ಲಿ ನನಗೆ ತಕರಾರಿಲ್ಲ.

ಹಾಗಾದರೆ ಚಿಕ್ಕ ಎಂಜಿನ್‌ಗೆ ಏನು ಕಷ್ಟ? ಮೂರು ವಿಷಯ.

ಮೊದಲನೆಯದು ಗಾಳಿಯ ಲೆಕ್ಕ. ಎಥನಾಲ್ ತೂಕದಲ್ಲಿ ಸುಮಾರು ಶೇ. 35 ಆಮ್ಲಜನಕವೇ ಇದೆ. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಕಿಲೋ ಸಾಕು. ಇವತ್ತಿನ ಕಾರಿನಲ್ಲಿ ಆಕ್ಸಿಜನ್ ಸೆನ್ಸರ್ ಇದೆ, ಕಂಪ್ಯೂಟರ್ ಇದೆ. ಹೊಗೆ ನೋಡಿ ಇಂಧನ ಹೆಚ್ಚು-ಕಡಿಮೆ ಮಾಡುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಫೀಡ್‌ಬ್ಯಾಕ್ ಲೂಪ್. ಸಾಮಾನ್ಯ ಚೈನ್ ಸಾದಲ್ಲಿ ಅದಿಲ್ಲ, ಇರೋದು ಕಾರ್ಬೊರೇಟರ್‌ನ ಒಂದೆರಡು ಸ್ಕ್ರೂ. ಹಳೆ ಪೆಟ್ರೋಲ್‌ಗೆ ಟ್ಯೂನ್ ಮಾಡಿದ ಮೆಷಿನ್‌ಗೆ ಇ20 ಹಾಕಿದರೆ ಮಿಶ್ರಣದಲ್ಲಿ ಇಂಧನದ ಪಾಲು ಕಡಿಮೆಯಾಗಿ ಎಂಜಿನ್ ಹೆಚ್ಚು ಕಾಯುತ್ತೆ. ಗಾಳಿಯಿಂದಲೇ ತಣ್ಣಗಾಗುವ, ಫುಲ್ ಥ್ರಾಟಲ್‌ನಲ್ಲೇ ದುಡಿಯುವ ಪುಟ್ಟ ಎಂಜಿನ್‌ಗೆ ಅದು ದೊಡ್ಡ ಭಾರ.

ಎರಡನೆಯದು ನೀರು. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತೆ. ಟು ಸ್ಟ್ರೋಕ್ ಎಂಜಿನ್‌ಗೆ ಎಣ್ಣೆ ಸಿಗೋದು ಪೆಟ್ರೋಲ್‌ನಲ್ಲಿ ಕಲಸಿದ ಟುಟಿ ಆಯಿಲ್‌ನಿಂದ ಮಾತ್ರ. ಆ ಆಯಿಲ್ ಮೇಲಿನ ಪೆಟ್ರೋಲ್ ಪದರದಲ್ಲೇ ಉಳಿಯುತ್ತೆ. ಟ್ಯಾಂಕ್‌ನ ಪೈಪು ಎಳೆಯೋದು ತಳದಿಂದ. ಎಣ್ಣೆಯಿಲ್ಲದ ನೀರು-ಸ್ಪಿರಿಟ್ ಒಳಗೆ ಹೋದರೆ ಪಿಸ್ಟನ್ ಸೀಜ್ ಆಗೋಕೆ ಹೆಚ್ಚು ಹೊತ್ತು ಬೇಡ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮುಚ್ಚಳ ಸಡಿಲವಿರುವ ಕ್ಯಾನ್ ಎರಡು ತಿಂಗಳು ಕೂತರೆ ಏನಾಗಬಹುದು, ನೀವೇ ಯೋಚಿಸಿ. ಅಡಿಕೆಗೆ ಔಷಧಿ ಹೊಡೆಯೋದೂ ಅದೇ ಮಳೆಗಾಲದಲ್ಲಿ.

ಮೂರನೆಯದು ರಬ್ಬರ್. ಎಥನಾಲ್‌ಗೆಂದು ಮಾಡದ ಪೈಪ್, ಪ್ರೈಮರ್ ಬಲ್ಬ್, ಕಾರ್ಬೊರೇಟರ್ ಒಳಗಿನ ಡಯಾಫ್ರಮ್ ಕ್ರಮೇಣ ಉಬ್ಬುತ್ತವೆ ಅಥವಾ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಚೈನ್ ಸಾ ತಲೆಕೆಳಗಾಗಿ ಹಿಡಿದರೂ ಓಡೋದು ಆ ತೆಳು ಡಯಾಫ್ರಮ್‌ನಿಂದಲೇ. ಅದು ಬಿಗಿಯಾದರೆ ಹಗ್ಗ ಎಷ್ಟು ಎಳೆದರೂ ಸ್ಟಾರ್ಟ್ ಆಗಲ್ಲ.

ಬೇರೆ ದೇಶದಲ್ಲಿ ಇದನ್ನು ಹೇಗೆ ನಿಭಾಯಿಸಿದರು? ಅಮೆರಿಕದಲ್ಲಿ ಶೇ. 10 ಮಿಶ್ರಣ 1970ರ ದಶಕದ ಕೊನೆಯಿಂದಲೂ ಇದೆ. 2010-11ರಲ್ಲಿ ಶೇ. 15ಕ್ಕೆ ಅನುಮತಿ ಕೊಟ್ಟಾಗ ಅಲ್ಲಿನ ಪರಿಸರ ಸಂಸ್ಥೆ ಇಪಿಎ ಅದನ್ನು 2001ರ ನಂತರದ ಕಾರುಗಳಂಥ ವಾಹನಗಳಿಗೆ ಸೀಮಿತ ಮಾಡಿತು. ಬೋಟ್, ಬೈಕ್, ಚೈನ್ ಸಾ, ಹುಲ್ಲು ಕತ್ತರಿಸುವ ಮೆಷಿನ್‌ಗಳಿಗೆ ಹಾಕುವುದನ್ನು ನಿಷೇಧಿಸಿ, ಪಂಪ್ ಮೇಲೇ ಎಚ್ಚರಿಕೆಯ ಚೀಟಿ ಅಂಟಿಸಬೇಕು ಅಂದಿತು. ಅಂದರೆ ಚಿಕ್ಕ ಎಂಜಿನ್ ಅನ್ನೋದು ಒಂದು ಬೇರೆ ಜಾತಿ ಅಂತ ಕಾನೂನೇ ಗುರುತಿಸಿತು.

ನಮ್ಮಲ್ಲಿ ಚರ್ಚೆಯಾಗಿದ್ದು ಕಾರು, ಬೈಕ್ ಮಾತ್ರ. 2021ರ ನೀತಿ ಆಯೋಗದ ವರದಿಯಿಂದ ಎಲ್ಲರೂ ಎತ್ತಿ ಹೇಳುವ ಅಂಕಿ ಕೂಡ ಅದೇ: ಹಳೆಯ ವಿನ್ಯಾಸದ ಕಾರಿಗೆ ಶೇ. 6-7, ದ್ವಿಚಕ್ರಕ್ಕೆ ಶೇ. 3-4 ಮೈಲೇಜ್ ನಷ್ಟ. ಎಥನಾಲ್ ಇಲ್ಲದ ಪೆಟ್ರೋಲನ್ನೂ ಆಯ್ಕೆಯಾಗಿ ಕೊಡಿ ಅಂತ ಕೇಳಿದ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು. ಕಾರು ಕೈಕೊಟ್ಟರೆ ನಾವು ಟ್ವೀಟ್ ಮಾಡ್ತೀವಿ. ಊರಲ್ಲಿ ವೀಡ್ ಕಟ್ಟರ್ ನಿಂತರೆ ಅಪ್ಪ ರಿಪೇರಿ ಅಂಗಡಿಗೆ ಹೊತ್ತು ಹೋಗಿ, ಅವರು ಕೇಳಿದಷ್ಟು ಕೊಟ್ಟು, ಕಳೆ ತೆಗೆಯೋ ಒಂದು ವಾರ ಕಳೆದುಕೊಂಡು ಸುಮ್ಮನಾಗ್ತಾರೆ. ಅದು ಯಾವ ಅಂಕಿ-ಅಂಶದಲ್ಲೂ ಬರಲ್ಲ. ಮಂಡ್ಯದ ಬೆಳೆಗಾರನಿಗೆ ಸಿಗುವ ಲಾಭದ ಬೆಲೆಯಲ್ಲಿ ಒಂದಂಶವನ್ನು ತೀರ್ಥಹಳ್ಳಿಯ ಬೆಳೆಗಾರ ಕಟ್ತಾ ಇದ್ದಾನೆ, ಅದೂ ರಸೀದಿ ಇಲ್ಲದೆ.

ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಇಷ್ಟು ಹೇಳಿ. ಪೆಟ್ರೋಲ್ ಲೀಟರ್ ಲೆಕ್ಕದಲ್ಲಿ ತನ್ನಿ, ಕ್ಯಾನ್ ತುಂಬಿಸಿ ಇಡಬೇಡಿ. ಆಯಿಲ್ ಕಲಸಿದ್ದು ಒಂದು ತಿಂಗಳೊಳಗೆ ಮುಗೀಲಿ. ಮುಚ್ಚಳ ಬಿಗಿಯಾಗಿರಲಿ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ ಇಡಿ. ಮೆಷಿನ್ ಪುಸ್ತಕದಲ್ಲಿ ಎಥನಾಲ್ ಎಷ್ಟರವರೆಗೆ ನಡೆಯುತ್ತೆ ಅಂತ ನೋಡಿ, ಬಹಳಷ್ಟು ಮೆಷಿನ್‌ಗಳಿಗೆ ಶೇ. 10 ಅಂತಲೇ ಇರುತ್ತೆ. ಪರಿಚಯದ ಮೆಕ್ಯಾನಿಕ್ ಹತ್ತಿರ ಕಾರ್ಬೊರೇಟರ್ ಹೊಸದಾಗಿ ಟ್ಯೂನ್ ಮಾಡಿಸಿ, ಪೈಪು ಹಳೆಯದಾಗಿದ್ದರೆ ಬದಲಾಯಿಸಿ. ನೀರು ಹಾಕಿ ಎಥನಾಲ್ ಬೇರೆ ಮಾಡುವ ವಿಡಿಯೊ ನೋಡಿ ಮನೇಲಿ ಪ್ರಯೋಗ ಮಾಡಬೇಡಿ. ಆಕ್ಟೇನ್ ಇಳಿಯುತ್ತೆ, ನೀರು ಉಳಿಯುತ್ತೆ, ಬೆಂಕಿಯ ಅಪಾಯ ಬೇರೆ.

ನಿಮ್ಮ ಊರಿನ ಮೆಷಿನ್‌ಗಳ ಅನುಭವ ಏನು? ಎಥನಾಲ್ ಬೇಡ ಅನ್ನುವ ವಾದ ನನ್ನದಲ್ಲ. ತಾಲ್ಲೂಕಿಗೊಂದು ಬಂಕ್‌ನಲ್ಲಾದರೂ ಈ ಮೆಷಿನ್‌ಗಳಿಗೆ ಒಗ್ಗುವ ಪೆಟ್ರೋಲ್ ಸಿಗಲಿ ಅಂತ ಕೇಳೋದು ಅತಿಯಾಸೆ ಅಂತ ನನಗನ್ನಿಸಲ್ಲ. ಊರಲ್ಲಿ ಇರುವವರಿಗೆ ಅದನ್ನು ಕೇಳುವಷ್ಟು ಬಿಡುವಿಲ್ಲ. ಕೀಬೋರ್ಡ್ ಮುಂದೆ ಕೂತ ನಮಗೆ ಇದೆ.