ನೀಲಿ ತುಟಿಯ ಕೂಸು

ಇತಿಹಾಸವೆಂದೊಡನೆ ನಮ್ಮ ಭಾಗದವರಿಗೆ ಮುಧೋಳದ ರನ್ನ, ಘೋರ್ಪಡೆಯವರು, ಜಮಖಂಡಿಯ ಪಟವರ್ಧನರು ನೆನಪಾಗುತ್ತಾರೆ. ಕೂಸುಗಳ ಎದೆಗೂ ಒಂದು ಇತಿಹಾಸವುಂಟೆಂದರೆ ವಾಚಕರು ನಕ್ಕಾರು. ಆದರೆ ಅದನ್ನು ಅರಿಯದೆ ನಾವು ಕಳೆದುಕೊಂಡದ್ದು ಅಲ್ಪವಲ್ಲ.

ನಾನು ಬನಹಟ್ಟಿಯಲ್ಲಿ ಕಲಿಯುವಾಗ ನೇಕಾರರ ಮನೆಯ ಹುಡುಗನೊಬ್ಬ ನಮ್ಮ ಜೊತೆಗಿದ್ದ. ನಾಲ್ಕು ಹೆಜ್ಜೆ ಓಡಿದರೆ ಸಾಕು, ಕುಕ್ಕರಗಾಲಲ್ಲಿ ಕುಳಿತುಬಿಡುವನು. ತುಟಿ ನೇರಳೆಹಣ್ಣು ತಿಂದಂತೆ. ನಾವು ಅವನಿಗೆ ಕಪ್ಪೆಯೆಂದು ಹೆಸರಿಟ್ಟೆವು; ಹಿರಿಯರು ದೃಷ್ಟಿಯಾಗಿದೆಯೆಂದು ತಾಯಿತ ಕಟ್ಟಿದರು. ಏಳನೆಯ ಇಯತ್ತೆ ಮುಗಿಯುವ ಮುನ್ನವೇ ಅವನು ತೀರಿಕೊಂಡ. ಅವನು ಹಾಗೆ ಕೂಡುತ್ತಿದ್ದುದು ಮೈಗಳ್ಳತನದಿಂದಲ್ಲ, ಪ್ರಾಣ ಉಳಿಸಿಕೊಳ್ಳಲು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಅಂಥ ಲಕ್ಷಣಗಳ ಕಾರಣವನ್ನು ವೈದ್ಯರು ಆಗಲೇ ಬಲ್ಲವರಾಗಿದ್ದರು. ೧೮೮೮ರಲ್ಲಿ ಫ್ರಾನ್ಸ್ ದೇಶದ ಮಾರ್ಸೇಲ್ಸ್ ನಗರದ ವೈದ್ಯ ಫಾಲೋ ಈ ‘ನೀಲಿ ರೋಗ’ದ ನಾಲ್ಕು ದೋಷಗಳನ್ನು ಒಟ್ಟುಗೂಡಿಸಿ ವಿವರಿಸಿದ: ಹೃದಯದ ಕೆಳಕೋಣೆಗಳ ನಡುಗೋಡೆಯಲ್ಲಿ ರಂಧ್ರ, ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು, ಮಹಾಧಮನಿ ಆ ರಂಧ್ರದ ಮೇಲೆ ಸರಿದು ನಿಂತಿರುವುದು, ಬಲಕೋಣೆಯ ಗೋಡೆ ದಪ್ಪವಾಗಿರುವುದು. ಶುದ್ಧವಾಗದ ರಕ್ತವೇ ಮೈಗೆ ಹರಿಯುವುದರಿಂದ ತುಟಿ ಉಗುರುಗಳು ನೀಲಿಯಾಗುತ್ತವೆ. ಕುಕ್ಕರಗಾಲಲ್ಲಿ ಕುಳಿತಾಗ ಕಾಲಿನ ರಕ್ತನಾಳಗಳು ಒತ್ತಿ, ಶ್ವಾಸಕೋಶಕ್ಕೆ ಹೆಚ್ಚು ರಕ್ತ ತಿರುಗುತ್ತದೆ. ಯಾರೂ ಕಲಿಸದೆ ಮಗು ತಾನೇ ಕಂಡುಕೊಂಡ ಉಪಾಯವದು!

ಗುರುತಿಸಿದ ರೋಗಕ್ಕೆ ಪರಿಹಾರ ತೋರಿದವರಲ್ಲಿ ಅಮೆರಿಕೆಯ ಹೆಲೆನ್ ಟಾಸಿಗ್ ಮುಖ್ಯಳು. ಸ್ವಾರಸ್ಯವೇನೆಂದರೆ, ಆಕೆಗೆ ಕಿವಿ ಮಂದವಾಗಿತ್ತು. ಎದೆಯ ಸದ್ದನ್ನು ಅಂಗೈ ಬೆರಳುಗಳಿಂದ ಮುಟ್ಟಿ ಅರಿಯುವುದನ್ನು ಆಕೆ ಸಾಧಿಸಿಕೊಂಡಳು. ಶ್ವಾಸಕೋಶಕ್ಕೆ ರಕ್ತ ಸಾಲದೆ ಈ ಕೂಸುಗಳು ಸಾಯುತ್ತವೆಂದು ತಿಳಿದು, ಹೊಸ ದಾರಿಯೊಂದನ್ನು ಮಾಡಿಕೊಡಬಾರದೇಕೆ ಎಂದು ಕೇಳಿದಳು. ಬಾಲ್ಟಿಮೋರ್ ನಗರದಲ್ಲಿ ೧೯೪೪ರ ನವೆಂಬರ್ ೨೯ರಂದು ಶಸ್ತ್ರವೈದ್ಯ ಬ್ಲಾಲಾಕ್, ತೋಳಿಗೆ ಹೋಗುವ ಧಮನಿಯನ್ನು ಶ್ವಾಸಕೋಶದ ಧಮನಿಗೆ ಜೋಡಿಸಿದ. ಪ್ರಯೋಗಶಾಲೆಯಲ್ಲಿ ಆ ಕೌಶಲವನ್ನು ಸಿದ್ಧಗೊಳಿಸಿದ ಕರಿಯ ಸಹಾಯಕ ವಿವಿಯನ್ ಥಾಮಸ್ ಹಿಂದೆ ನಿಂತು ದಾರಿ ಹೇಳುತ್ತಿದ್ದ.

ಆ ವಿದ್ಯೆ ನಮ್ಮ ದೇಶಕ್ಕೂ ಬಂತು. ಟಾಸಿಗ್ ಬಳಿ ಕಲಿತ ಡಾ. ಎಸ್. ಪದ್ಮಾವತಿಯವರು ೧೯೫೪ರಲ್ಲಿ ದಿಲ್ಲಿಯಲ್ಲಿ ಹೃದ್ರೋಗ ಚಿಕಿತ್ಸಾಲಯವನ್ನು ತೆರೆದರು. ವೆಲ್ಲೂರಿನಲ್ಲಿ ೧೯೬೧ರಲ್ಲಿ ತೆರೆದ ಹೃದಯದ ಶಸ್ತ್ರಕ್ರಿಯೆ ನಡೆಯಿತು. ಬೆಂಗಳೂರಿನ ಜಯದೇವ ಸಂಸ್ಥೆ ೧೯೭೨ರಲ್ಲಿ ಹುಟ್ಟಿತು. ೨೦೧೩ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿ ಶಾಲೆಗಳಿಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತಾರೆ. ಅವರು ನೋಡುವ ದೋಷಗಳಲ್ಲಿ ಹುಟ್ಟು ಹೃದ್ರೋಗವೂ ಒಂದು.

ಆದರೂ ಮೊದಲು ಕಾಣಬೇಕಾದವರು ಮನೆಯವರೇ. ಹುಟ್ಟುವ ನೂರು ಕೂಸುಗಳಲ್ಲಿ ಸುಮಾರು ಒಂದಕ್ಕೆ ಹೃದಯದ ದೋಷವಿರುತ್ತದೆ. ಹಾಲು ಕುಡಿಯುವಾಗ ಕೂಸು ಮತ್ತೆ ಮತ್ತೆ ನಿಲ್ಲಿಸಿ ಏದುವುದೇ? ಹಣೆಯಲ್ಲಿ ಬೆವರೊಡೆಯುವುದೇ? ತೂಕ ಏರದೆ, ಪದೇ ಪದೇ ನೆಮ್ಮು ಬರುವುದೇ? ಎರಡು ತಿಂಗಳೊಳಗಿನ ಕೂಸು ಸುಮ್ಮನಿದ್ದಾಗಲೂ ನಿಮಿಷಕ್ಕೆ ಅರವತ್ತಾದರೂ ಸಲ ಉಸಿರಾಡುವುದೇ? ಎಳೆಗೂಸಿನ ಅಂಗೈ ಅಂಗಾಲು ಚಳಿಗೆ ನೀಲಿಯಾಗುವುದುಂಟು. ನಾಲಗೆ, ತುಟಿ ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ನೀಲಿಯಾಗಲಿಲ್ಲವೆಂದು ನಿಶ್ಚಿಂತರಾಗಬೇಡಿರಿ, ನಡುಗೋಡೆಯ ರಂಧ್ರ ಮಾತ್ರವಿರುವ ಅನೇಕ ಕೂಸುಗಳು ನೀಲಿಯಾಗುವುದಿಲ್ಲ. ಎದೆಯಲ್ಲಿ ಬೇರೆ ಸದ್ದಿದೆಯೆಂದ ಮಾತ್ರಕ್ಕೆ ಧೈರ್ಯಗೆಡಲೂ ಬೇಡಿರಿ. ಎಷ್ಟೋ ಸದ್ದುಗಳು ನಿರಪಾಯ. ನಿರ್ಣಯ ವೈದ್ಯರದು, ಕರೆದೊಯ್ಯುವ ಹೊಣೆ ನಮ್ಮದು.

ಜಮಖಂಡಿಯಿಂದ ಬೀಳಗಿಯವರೆಗಿನ ನನ್ನ ಸಹೋದ್ಯೋಗಿ ಶಿಕ್ಷಕರಿಗೆ ಒಂದು ಮಾತು. ಆಟದ ಬಯಲಿನಲ್ಲಿ ಮಗುವೊಂದು ನಡುವೆಯೇ ಕುಕ್ಕರಗಾಲಲ್ಲಿ ಕುಳಿತರೆ ಗದರಿಸಿ ಎಬ್ಬಿಸಬೇಡಿರಿ, ಅದರ ತುಟಿಯನ್ನು ನೋಡಿರಿ. ನಮ್ಮ ಗೆಳೆಯನ ತುಟಿಯನ್ನು ನಾವೆಲ್ಲರೂ ನಿತ್ಯ ನೋಡುತ್ತಿದ್ದೆವು. ಕಂಡವರು ಮಾತ್ರ ಒಬ್ಬರೂ ಇರಲಿಲ್ಲ.