ಸೋದರಸೊಸೆಗೊಂದು ಪುಟ್ಟ ಕಾರು

2025ರ ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ ನನ್ನ ತಂಗಿಯ ಮಗಳು ಮನೆಗೆ ಬಂದಳು. ಕಾಫಿ ಕುಡಿದು ಲೋಟ ಕೆಳಗಿಟ್ಟವಳೇ, "ಮಾವ, ಒಂದು ಸಣ್ಣ ಕಾರು ತಗೊಳ್ಳೋಣ ಅಂತಿದ್ದೀನಿ. ಯಾವುದು ತಗೊಳ್ಳಲಿ, ನೀವೇ ಹೇಳಿ" ಎಂದಳು.

ಅವಳು ಶುಶ್ರೂಷಕಿ. ಸಾಗರದಲ್ಲಿ ಮನೆ, ಹೊಸನಗರದ ಕಡೆ ಕೆಲಸ. ಇಷ್ಟು ವರ್ಷ ಸ್ಕೂಟರಿನಲ್ಲಿಯೇ ಹೋಗಿಬರುತ್ತಿದ್ದಳು. ನಮ್ಮ ಕಡೆಯ ಆಷಾಢದ ಮಳೆಯಲ್ಲಿ, ಅದರಲ್ಲಿಯೂ ರಾತ್ರಿ ಪಾಳಿಯ ದಿನಗಳಲ್ಲಿ, ಆ ದಾರಿ ಹೇಗಿರುತ್ತದೆಂಬುದನ್ನು ಮಲೆನಾಡಿನವರಿಗೆ ನಾನು ವಿವರಿಸಬೇಕಾಗಿಲ್ಲ. ಎಲ್ಲ ಸೇರಿ ಆರೂವರೆ ಲಕ್ಷ ರೂಪಾಯಿಯ ಮಿತಿ. ಅದರಲ್ಲಿ ಬಹುಪಾಲು ಬ್ಯಾಂಕಿನ ಸಾಲ. ಬೆಲೆ ಕೈಗೆಟುಕಬೇಕು, ಗಾಡಿ ನಂಬಿಕೆಗೆ ಅರ್ಹವಾಗಿರಬೇಕು. ಅವಳು ಕೇಳಿದ್ದು ಇಷ್ಟೇ.

ಇತಿಹಾಸದ ಮೇಷ್ಟರನ್ನು ಕಾರಿನ ವಿಷಯ ಕೇಳಿದರೆ ಆತ ಷೋರೂಮಿನಿಂದ ಆರಂಭಿಸುವುದಿಲ್ಲ, ಸ್ವಾತಂತ್ರ್ಯ ಬಂದ ವರ್ಷದಿಂದ ಆರಂಭಿಸುತ್ತಾನೆ. ಪಾಪ, ಅವಳು ತಾಳ್ಮೆಯಿಂದ ಕೇಳಿದಳು. ಓದುಗರೂ ಕೇಳುವರೆಂದು ನಂಬಿದ್ದೇನೆ.

ನಾನು ಮೊದಲ ಬಾರಿ ಕಾರಿನೊಳಗೆ ಕುಳಿತದ್ದು 1962ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ. ನಮ್ಮಮ್ಮನಿಗೆ ಹೆರಿಗೆಯ ನೋವು ಬಂದು ಸೂಲಗಿತ್ತಿ ಕೈಚೆಲ್ಲಿದಾಗ, ಅಪ್ಪ ನಡುರಾತ್ರಿ ಲಾಟೀನು ಹಿಡಿದು ಅಡಿಕೆ ಮಂಡಿಯ ಸಾಹುಕಾರರ ಮನೆಗೆ ಓಡಿದರು. ಊರಿನಲ್ಲಿದ್ದದ್ದು ಅವರದೊಂದೇ ಕಾರು. ಡ್ರೈವರು ಬಂದು ಹ್ಯಾಂಡಲ್ ಹಾಕಿ ತಿರುಗಿಸಿದ. ಒಮ್ಮೆ, ಎರಡು ಬಾರಿ, ಮೂರು ಬಾರಿ. ಯಂತ್ರ ಗುಡುಗಿ ಎದ್ದಾಗ ಅಪ್ಪ ಆ ಕಾರಿಗೇ ಕೈಮುಗಿದುಬಿಟ್ಟರು. ಶಿವಮೊಗ್ಗದ ದಾರಿಯುದ್ದಕ್ಕೂ ಎಲ್ಲರ ಮನಸ್ಸಿನಲ್ಲಿದ್ದದ್ದು ಒಂದೇ ಆತಂಕ: ಇದು ನಡುವೆ ನಿಂತುಬಿಟ್ಟರೇನು ಗತಿ? ನಿಲ್ಲಲಿಲ್ಲ. ಅಂದು ಹುಟ್ಟಿದ ಕೂಸೇ ಈ ಸೊಸೆಯ ತಾಯಿ. ಕಾರಿನ ವಿಷಯದಲ್ಲಿ 'ನಂಬಿಕೆ' ಎಂಬ ಮಾತಿಗೆ ನನ್ನ ತಲೆಮಾರು ಕೊಟ್ಟ ಅರ್ಥ ಅಂದು ನನ್ನೊಳಗೆ ನೆಟ್ಟಿತು. ಹೊರಡಬೇಕು, ನಿಲ್ಲಬಾರದು, ಕೆಟ್ಟರೆ ಊರಿನ ಮೇಸ್ತ್ರಿಯ ಕೈಗೆ ಬಗ್ಗಬೇಕು.

ಆ ಕಾಲದಲ್ಲಿ ಆಯ್ಕೆಯೆಂಬುದೇ ಇರಲಿಲ್ಲ. ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ ಅಂಬಾಸಿಡರ್ ತಯಾರಿಸುತ್ತಿದ್ದರು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯ ಫಿಯೆಟ್, ಮುಂದೆ ಎಪ್ಪತ್ತರ ದಶಕದಲ್ಲಿ ಅದೇ ಪದ್ಮಿನಿಯಾಯಿತು. ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್. ಇವು ಮೂರೇ. ಬೆಲೆಯನ್ನು ಸರ್ಕಾರವೇ ನಿಗದಿಪಡಿಸುತ್ತಿತ್ತು. ಆ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿ ತೀರ್ಪಾಯಿತು. ಹಣ ಕಟ್ಟಿ ವರ್ಷಗಟ್ಟಲೆ ಕಾಯುವುದು ಸಾಮಾನ್ಯ ಸಂಗತಿಯಾಗಿತ್ತು. ಸರದಿ ಬಂದವನು ಬಣ್ಣವನ್ನೂ ಕೇಳುತ್ತಿರಲಿಲ್ಲ.

ಬಡವನಿಗಲ್ಲದಿದ್ದರೂ ಮಧ್ಯಮ ವರ್ಗದವನಿಗೆ ಎಟುಕುವ ಸಣ್ಣ ಕಾರೊಂದು ಬೇಕೆಂಬ ಮಾತು ಬಹಳ ಹಳೆಯದು. ಎಲ್.ಕೆ. ಝಾ ಅವರ ಸಮಿತಿ 1960ರಲ್ಲಿಯೇ ಅದನ್ನು ಹೇಳಿತ್ತು. ಹತ್ತು ವರ್ಷ ಕಡತಗಳು ಒಂದು ಮೇಜಿನಿಂದ ಇನ್ನೊಂದಕ್ಕೆ ನಡೆದಾಡಿದ ಮೇಲೆ, 1970ರಲ್ಲಿ ಪ್ರಧಾನಿಯವರ ಮಗ ಸಂಜಯ ಗಾಂಧಿಗೆ ವರ್ಷಕ್ಕೆ 50,000 ಕಾರು ತಯಾರಿಸುವ ಅನುಮತಿಯ ಪತ್ರ ಸಿಕ್ಕಿತು. 1971ರಲ್ಲಿ ಮಾರುತಿ ಲಿಮಿಟೆಡ್ ಹುಟ್ಟಿತು. ಗುರಗಾಂವದಲ್ಲಿ ಭೂಮಿ ದೊರೆಯಿತು, ಕಾರು ಮಾತ್ರ ಹೊರಬರಲಿಲ್ಲ. 1977ರಲ್ಲಿ ಸರ್ಕಾರ ಬದಲಾದಾಗ ನ್ಯಾಯಮೂರ್ತಿ ಎ.ಸಿ. ಗುಪ್ತಾ ಅವರ ಆಯೋಗ ಈ ವ್ಯವಹಾರವನ್ನು ವಿಚಾರಿಸಿತು, ಕಂಪನಿ ಮುಚ್ಚಿತು. ಸಂಜಯರು ವಿಮಾನ ಅಪಘಾತದಲ್ಲಿ ತೀರಿಕೊಂಡ 1980ರಲ್ಲಿಯೇ ಸರ್ಕಾರ ಆ ಕಾರ್ಖಾನೆಯನ್ನು ವಶಕ್ಕೆ ತೆಗೆದುಕೊಂಡಿತು. 1981ರಲ್ಲಿ ಮಾರುತಿ ಉದ್ಯೋಗ್, 1982ರ ಅಕ್ಟೋಬರಿನಲ್ಲಿ ಜಪಾನಿನ ಸುಜುಕಿಯೊಡನೆ ಒಪ್ಪಂದ. ಪಕ್ಷಪಾತದಲ್ಲಿ ಹುಟ್ಟಿ, ಹಗರಣದಲ್ಲಿ ಸತ್ತ ಒಂದು ಯೋಜನೆ ದೇಶದ ಅತ್ಯಂತ ಜನಪ್ರಿಯ ಕಾರಾಗಿ ಮರುಹುಟ್ಟು ಪಡೆದುದನ್ನು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ, ಮಕ್ಕಳು ಇದರಿಂದ ಕಲಿಯಬೇಕಾದ ಪಾಠ ಯಾವುದೆಂದು ಕೇಳುತ್ತಿದ್ದರು. ಉತ್ತರ ನನಗೆ ಇಂದಿಗೂ ಹೊಳೆದಿಲ್ಲ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈಯನ್ನು ದೆಹಲಿಯ ಹರಪಾಲ್ ಸಿಂಗ್ ಎಂಬವರಿಗೆ ಕೊಟ್ಟರು. ಅವರು ಇಂಡಿಯನ್ ಏರ್‌ಲೈನ್ಸ್‌ನ ನೌಕರರು. ಬೆಲೆ 47,500 ರೂಪಾಯಿ. ನನ್ನ ಸಂಬಳ ಆಗ ಸಾವಿರದ ಆಸುಪಾಸಿನಲ್ಲಿತ್ತು. ನಾಲ್ಕು ವರ್ಷ ಉಣ್ಣದೆ ಉಡದೆ ಕೂಡಿಟ್ಟರೆ ಒಂದು ಕಾರು! 796 ಸಿ.ಸಿ.ಯ ಮೂರು ಸಿಲಿಂಡರಿನ ಆ ಪುಟ್ಟ ಯಂತ್ರ ಚಳಿಗಾಲದ ಬೆಳಿಗ್ಗೆಯೂ ಕೀಲಿ ತಿರುಗಿಸಿದೊಡನೆ ಎದ್ದು ಕೂರುತ್ತಿತ್ತು. ಹ್ಯಾಂಡಲ್ ತಿರುಗಿಸಿ ತೋಳು ನೋಯಿಸಿಕೊಂಡಿದ್ದ ತಲೆಮಾರಿಗೆ ಇದು ಪವಾಡ. ಹರಪಾಲ್ ಸಿಂಗ್ ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಆ ಕಾರನ್ನು ಮಾರಲಿಲ್ಲ. ಮುಂದೆ ಅದನ್ನು ದುರಸ್ತಿ ಮಾಡಿ ಕಂಪನಿಯ ಮುಖ್ಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು.

ಇಲ್ಲಿ ನಮ್ಮ ಬೆಂಗಳೂರಿನ ಕಥೆಯನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾದೀತು. ಮಾರುತಿ ಕಾಗದದ ಮೇಲಿದ್ದ ಎಪ್ಪತ್ತರ ದಶಕದಲ್ಲಿಯೇ ಬೆಂಗಳೂರಿನಲ್ಲಿ 'ಬಾದಲ್' ಎಂಬ ಮೂರು ಚಕ್ರದ ಕಾರು ತಯಾರಾಗುತ್ತಿತ್ತು. ಫೈಬರ್ ಗಾಜಿನ ಮೈ, ಹಿಂಭಾಗದಲ್ಲಿ ಸ್ಕೂಟರಿನ ಜಾತಿಯ ಸಣ್ಣ ಯಂತ್ರ. ನಾನು ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದಾಗ ಚಾಮರಾಜಪೇಟೆಯಲ್ಲಿ ಒಂದನ್ನು ಕಂಡು, ಅದು ಹೋಗುವವರೆಗೂ ಬಸ್ಸು ಬಿಟ್ಟುಕೊಟ್ಟು ನೋಡುತ್ತ ನಿಂತಿದ್ದೆ. ಅದೇ ಸಂಸ್ಥೆ ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂಬ ಹೆಸರಿನಲ್ಲಿ, 1982ರಲ್ಲಿ, ಬ್ರಿಟನ್ನಿನ ರಿಲಯಂಟ್ ಕಿಟನ್ ಆಧರಿಸಿ 'ಡಾಲ್ಫಿನ್' ಎಂಬ ನಾಲ್ಕು ಚಕ್ರದ ಕಾರನ್ನು ಹೊರತಂದಿತು. ಅದಕ್ಕೆ ಇದ್ದದ್ದು ಎರಡೇ ಬಾಗಿಲು. ಅಜ್ಜಿಯನ್ನು ಹಿಂದಿನ ಸೀಟಿಗೆ ಹತ್ತಿಸಬೇಕಾದ ಸಂಸಾರಕ್ಕೆ ಎರಡು ಬಾಗಿಲಿನ ಕಾರು ಒಗ್ಗುವುದು ಹೇಗೆ? ಮರುವರ್ಷವೇ ಮಾರುತಿ ನಾಲ್ಕು ಬಾಗಿಲು ತೆರೆದುಕೊಂಡು ಬಂತು.

ಬೆಂಗಳೂರಿನ ಇನ್ನೊಂದು ಕೂಸು 'ರೇವಾ'. ಚೇತನ್ ಮೈನಿಯವರ ಸಂಸ್ಥೆ 2001ರಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ಕಾರು. ವಿದ್ಯುತ್ ಕಾರಿನ ಮಾತು ಜನರ ಬಾಯಲ್ಲಿ ಇಲ್ಲದಿದ್ದ ಕಾಲ ಅದು. ಅದೇ ಕಾರು ಲಂಡನ್ನಿನಲ್ಲಿ 'ಜಿ-ವಿಜ್' ಎಂಬ ಹೆಸರಿನಲ್ಲಿ ಓಡುತ್ತಿತ್ತು. ಅಲ್ಲಿನ ಕಾನೂನಿನ ಲೆಕ್ಕದಲ್ಲಿ ಅದು ಕಾರಲ್ಲ, 'ಕ್ವಾಡ್ರಿಸೈಕಲ್'. ಆದ್ದರಿಂದ ಡಿಕ್ಕಿಯ ಪರೀಕ್ಷೆಯಿಂದ ವಿನಾಯಿತಿ ಇತ್ತು. 2007ರಲ್ಲಿ ಒಂದು ಬ್ರಿಟಿಷ್ ಪತ್ರಿಕೆ ತಾನೇ ಆ ಪರೀಕ್ಷೆಯನ್ನು ಮಾಡಿಸಿ, ಒಳಗಿದ್ದವರು ಉಳಿಯುವುದು ಕಷ್ಟವೆಂಬ ಫಲಿತಾಂಶವನ್ನು ಪ್ರಕಟಿಸಿದಾಗ ಅಲ್ಲಿ ದೊಡ್ಡ ಗದ್ದಲವಾಯಿತು. ನಮ್ಮ ಬೆಂಗಳೂರಿನ ಕಾರಿಗೆ ಲಂಡನ್ನಿನಲ್ಲಿ ಎದುರಾದ ಆ ಪ್ರಶ್ನೆಯನ್ನು ನಮ್ಮ ನಾಡಿನ ಕೊಳ್ಳುಗರು ಇನ್ನೂ ಕೇಳಿರಲಿಲ್ಲ. ನಾವು ಕೇಳುತ್ತಿದ್ದದ್ದು 'ಎಷ್ಟು ಮೈಲೇಜು?' ಎಂಬುದೊಂದೇ.

ನಾನೂ ಕೇಳಿರಲಿಲ್ಲ. ಇದನ್ನು ಬರೆಯಲು ಸಂಕೋಚವಾಗುತ್ತಿದೆ, ಆದರೂ ಬರೆಯುತ್ತೇನೆ. ತೊಂಬತ್ತರ ದಶಕದಲ್ಲಿ ನಾನೊಂದು ಸಣ್ಣ ಕಾರನ್ನು ಎರಡನೆಯ ಕೈಯಲ್ಲಿ ಕೊಂಡಿದ್ದೆ. ಒಂದು ಸಂಜೆ ಜಿಟಿಜಿಟಿ ಮಳೆಯಲ್ಲಿ ತಿರುವಿನಲ್ಲಿ ಜಾರಿ ರಸ್ತೆ ಬದಿಯ ಮರಕ್ಕೆ ಗುದ್ದಿದೆ. ವೇಗವೇನೂ ಹೆಚ್ಚಿರಲಿಲ್ಲ. ತಪ್ಪು ನನ್ನದೇ. ಪಕ್ಕದಲ್ಲಿದ್ದ ನನ್ನ ಹೆಂಡತಿ ಬೆಲ್ಟು ಹಾಕಿರಲಿಲ್ಲ. ಹಾಕಿಕೊಳ್ಳೆಂದು ನಾನೂ ಹೇಳಿದವನಲ್ಲ. ಅವಳ ಗದ್ದ ಮುಂದಿನ ಹಲಗೆಗೆ ಬಡಿದು ಆರು ಹೊಲಿಗೆ ಬಿದ್ದವು. ಮರುದಿನ ಮೇಸ್ತ್ರಿ ಬಂದು ಒಂದು ತಾಸಿನಲ್ಲಿ ಕಾರನ್ನು ಓಡುವಂತೆ ಮಾಡಿಕೊಟ್ಟ. ನಾನು ಶಾಲೆಯ ಕೊಠಡಿಯಲ್ಲಿ ಸಹೋದ್ಯೋಗಿಗಳಿಗೆಲ್ಲ ಹೇಳಿದ್ದೇನು ಗೊತ್ತೆ? "ನೋಡಿ, ಅಂಥ ಹೊಡೆತಕ್ಕೂ ಎಂಜಿನ್ನು ಜಗ್ಗಲಿಲ್ಲ. ಬಹಳ ನಂಬಿಗಸ್ತ ಗಾಡಿ!" ಹೆಂಡತಿ ಆಗಿನ್ನೂ ಗಂಜಿಯನ್ನು ಚಮಚದಲ್ಲಿ ಕುಡಿಯುತ್ತಿದ್ದಳು.

ಟಾಟಾ ನ್ಯಾನೋ ಬಂದಾಗಲೂ ಚರ್ಚೆಯೆಲ್ಲ ಬೆಲೆಯದೇ. ಮಳೆಯಲ್ಲಿ ಒಂದೇ ಸ್ಕೂಟರಿನಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು ಹೋಗುವುದನ್ನು ಕಂಡು ರತನ್ ಟಾಟಾ ಅವರಿಗೆ ಈ ಯೋಚನೆ ಬಂತೆಂಬುದು ಎಲ್ಲರೂ ಕೇಳಿದ ಕಥೆ. 2008ರ ಜನವರಿಯಲ್ಲಿ ಅದನ್ನು ಲಕ್ಷ ರೂಪಾಯಿಯ ಕಾರೆಂದು ತೋರಿಸಿದರು. ಸಿಂಗೂರಿನ ರೈತರ ಹೋರಾಟದಿಂದ ಕಾರ್ಖಾನೆ ಗುಜರಾತಿನ ಸಾನಂದಕ್ಕೆ ಹೋಯಿತು. 'ಅತ್ಯಂತ ಅಗ್ಗದ ಕಾರು' ಎಂಬ ಬಿರುದೇ ಅದಕ್ಕೆ ಮುಳುವಾಯಿತೆಂದು ಟಾಟಾ ಅವರೇ ಮುಂದೆ ಒಪ್ಪಿಕೊಂಡರು. ಅಗ್ಗದ್ದು ಎಂದು ಹತ್ತು ಮಂದಿಗೆ ತಿಳಿದಿರುವ ವಸ್ತುವನ್ನು ಮನೆಯ ಮುಂದೆ ನಿಲ್ಲಿಸಿಕೊಳ್ಳಲು ನಮ್ಮ ಜನಕ್ಕೆ ಮನಸ್ಸಾಗಲಿಲ್ಲ. 2018ರ ಅಂತ್ಯಕ್ಕೆ ತಯಾರಿಕೆ ನಿಂತಿತು.

ನನ್ನ ದೃಷ್ಟಿಯಲ್ಲಿ ಸಣ್ಣ ಕಾರಿನ ಚರಿತ್ರೆ ಎರಡಾಗಿ ಒಡೆಯುವುದು 2014ರ ಜನವರಿಯಲ್ಲಿ. ಆ ತಿಂಗಳ 18ರಂದು ಕೊನೆಯ ಮಾರುತಿ 800 ತಯಾರಾಯಿತು. ಸರಿಯಾಗಿ ಎರಡು ವಾರ ಕಳೆಯುವುದರೊಳಗೆ, 31ರಂದು, ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ಗುದ್ದಿಸಿದ ಫಲಿತಾಂಶವನ್ನು ಹೊರಗಿಟ್ಟಿತು. ಏರ್‌ಬ್ಯಾಗಿಲ್ಲದ ಆ ಐದೂ ಮಾದರಿಗಳಿಗೆ ಬಂದದ್ದು ಸೊನ್ನೆ ನಕ್ಷತ್ರ. ಅವುಗಳಲ್ಲಿ ವಿದೇಶಿ ಹೆಸರಿನವೂ ಇದ್ದವು. ಅವುಗಳಲ್ಲೊಂದಾದ ಪೋಲೋಗೆ ಎರಡು ಏರ್‌ಬ್ಯಾಗು ಅಳವಡಿಸಿ ಪುನಃ ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ ಬಂದವು. ಆಮೇಲೆ ಕಾನೂನು ಮೆಲ್ಲಮೆಲ್ಲನೆ ಎಚ್ಚೆತ್ತಿತು: 2017ರಿಂದ ಹೊಸ ಮಾದರಿಗಳಿಗೆ ಡಿಕ್ಕಿಯ ಪರೀಕ್ಷೆ, 2019ರಲ್ಲಿ ಚಾಲಕನಿಗೆ ಏರ್‌ಬ್ಯಾಗು. ಪಕ್ಕದ ಆಸನದವರಿಗೆ ಅದು ಕಡ್ಡಾಯವಾಗಲು 2021 ಬರಬೇಕಾಯಿತು. ಈ ಕೊನೆಯ ಸಂಗತಿಯನ್ನು ಓದಿದಂದು ನಾನು ಪತ್ರಿಕೆಯನ್ನು ಮಡಿಸಿಟ್ಟು, ಒಳಗೆ ಒಗ್ಗರಣೆ ಹಾಕುತ್ತಿದ್ದ ಹೆಂಡತಿಯ ಮುಖವನ್ನು ಒಮ್ಮೆ ನೋಡಿ ಬಂದಿದ್ದೆ. 2023ರಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್ ಆರಂಭವಾಯಿತು.

ಇಷ್ಟೆಲ್ಲ ತಿಳಿದ ಮೇಲೂ ನಾನು ಸೊಸೆಗೆ ಹೇಳಿದ ಸಲಹೆ ಯಾವುದು? ಹಳೆಯ ಚಾಳಿ ಬಿಡುವುದಿಲ್ಲ ನೋಡಿ. "ಎರಡನೆಯ ಕೈಯಲ್ಲಿ ಎಂಟು ಹತ್ತು ವರ್ಷದ ಗಾಡಿ ಎರಡು ಲಕ್ಷಕ್ಕೆ ಸಿಗುತ್ತದೆ. ಬಿಡಿಭಾಗ ಊರಿನಲ್ಲಿಯೇ ದೊರೆಯುತ್ತದೆ. ಸಾಲವೇಕೆ?" ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮಾವ, ಅಪಘಾತವಾಗಿ ಬಂದವರಿಗೆ ರಾತ್ರಿ ಬ್ಯಾಂಡೇಜು ಕಟ್ಟೋಳು ನಾನು. ಯಾವ ಗಾಡಿಯಿಂದ ಇಳಿಸಿಕೊಂಡು ಬಂದರು ಅನ್ನೋದು ಗಾಯ ನೋಡಿದರೇ ನಮಗೆ ಗೊತ್ತಾಗುತ್ತೆ" ಎಂದಳು.

ಆಮೇಲೆ ನಾನು ನನ್ನ ಪಟ್ಟಿಯನ್ನು ತಿರುವುಮುರುವು ಮಾಡಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದದ್ದು ಅನುಕೂಲಕ್ಕೆ ಬಂತು. ಉದ್ದ ನಾಲ್ಕು ಮೀಟರಿನೊಳಗೆ, ಪೆಟ್ರೋಲ್ ಎಂಜಿನ್ 1200 ಸಿ.ಸಿ.ಯೊಳಗೆ ಇದ್ದರೆ ತೆರಿಗೆಯ ಮಟ್ಟಿಗೆ ಅದು ಸಣ್ಣ ಕಾರು. 2006ರ ಬಜೆಟ್ಟಿನಲ್ಲಿ ಎಳೆದ ಗೆರೆಯಿದು. ನಮ್ಮ ರಸ್ತೆಯ ಎಷ್ಟೋ ಕಾರುಗಳ ಹಿಂಭಾಗ ಕತ್ತರಿಸಿಟ್ಟಂತೆ ಕಾಣುವುದು ಈ ಗೆರೆಯ ದೆಸೆಯಿಂದಲೇ. ನಾವಿಬ್ಬರೂ ಕೂತು ಮೊದಲು ನಕ್ಷತ್ರಗಳನ್ನು ನೋಡಿದೆವು, ಅದೂ ಯಾವ ವರ್ಷ, ಎಷ್ಟು ಏರ್‌ಬ್ಯಾಗಿನ ಮಾದರಿಗೆ ಬಂದವು ಎಂಬುದನ್ನು ನೋಡಿಯೇ. ಬಳಿಕ ಸರ್ವಿಸ್ ಸ್ಟೇಷನ್ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ, ಮಳೆಯಲ್ಲಿ ಬ್ರೇಕು ಹೇಗೆ. ಮೈಲೇಜನ್ನು ಅವಳು ಕೇಳಲೇ ಇಲ್ಲ. ನಾನೇ ತಡೆಯಲಾರದೆ ಕೊನೆಗೆ ಕೇಳಿದೆ. ಆರೂವರೆ ಲಕ್ಷದ ಮಿತಿಯನ್ನು ಮೂವತ್ತೆಂಟು ಸಾವಿರ ಮೀರಬೇಕಾಯಿತು. ಆ ಮೊತ್ತವನ್ನು ನಾನು ಕೊಟ್ಟೆ. ಬೇಡವೆಂದಳು, ಸೋದರಮಾವನ ಉಡುಗೊರೆಯನ್ನು ಬೇಡವೆನ್ನುವ ಪದ್ಧತಿ ನಮ್ಮಲ್ಲಿ ಇಲ್ಲವೆಂದು ಬಾಯಿ ಮುಚ್ಚಿಸಿದೆ.

ದೀಪಾವಳಿಯ ಹಿಂದಿನ ವಾರ ಕಾರು ಬಂತು. ನಿಂಬೆಹಣ್ಣು ಚಕ್ರದಡಿಗೆ ಇಟ್ಟು ಪೂಜೆಯಾದ ಮೇಲೆ ಇಕ್ಕೇರಿಯವರೆಗೆ ಒಂದು ಸುತ್ತು ಹೋಗಿಬರೋಣವೆಂದಳು. ನಾನು ಹಿಂದೆ ಕುಳಿತೆ, ನನ್ನ ಹೆಂಡತಿ ಮುಂದೆ. ಕೀಲಿ ತಿರುಗಿಸಿದರೂ ಸೊಸೆ ಗಾಡಿಯನ್ನು ಹೊರಡಿಸಲಿಲ್ಲ. ಏನಾಯಿತೆಂದು ನಾನು ಮುಂದೆ ಬಾಗಿದೆ. "ಅತ್ತೆ ಹಾಕ್ಕೊಂಡಾಯ್ತು ಮಾವ, ನಿಮ್ಮದೇ ಬಾಕಿ" ಎಂದಳು. ಹಿಂದಿನ ಸೀಟಿನ ಬೆಲ್ಟಿನ ಕೊಂಡಿ ಎಲ್ಲಿದೆಯೆಂದು ಹುಡುಕಲು ನನಗೆ ಎರಡು ನಿಮಿಷ ಹಿಡಿಯಿತು.